ಆಡೋಕೆ ಫಿಜಿ ಹುಡುಗರು ಬೇಕು, ಉಳಿಯೋಕೆ ಲಕ್ಷಗಟ್ಟಲೆ ಕಟ್ಟಬೇಕು: ಬ್ರಿಟನ್ನಿನ ಸೇನೆ–ನೌಕಾಪಡೆ ರಗ್ಬಿ ಪಂದ್ಯದ ಒಳಲೆಕ್ಕ

ಲಂಡನ್ನಿನ ಟ್ವಿಕನ್‌ಹ್ಯಾಮ್ ಕ್ರೀಡಾಂಗಣದಲ್ಲಿ 82 ಸಾವಿರ ಜನ ಕೂರಬಹುದು. ಇಂಗ್ಲೆಂಡ್ ತಂಡ ಆಡುವ ದಿನ ಅದು ತುಂಬೋದು ದೊಡ್ಡ ವಿಷಯ ಅಲ್ಲ. ಆದರೆ ವರ್ಷಕ್ಕೊಂದು ಶನಿವಾರ, ಬಹುತೇಕ ಏಪ್ರಿಲ್ ಕೊನೆಗೋ ಮೇ ಮೊದಲಿಗೋ, ಅಲ್ಲಿ ಆಡೋದು ವೃತ್ತಿಪರ ಆಟಗಾರರಲ್ಲ. ಸಿಪಾಯಿಗಳು ಮತ್ತು ನಾವಿಕರು. ಒಂದು ಕಡೆ ಬ್ರಿಟಿಷ್ ಭೂಸೇನೆ, ಇನ್ನೊಂದು ಕಡೆ ರಾಯಲ್ ನೇವಿ. ಅದನ್ನ ನೋಡೋಕೂ ಹತ್ತಾರು ಸಾವಿರ ಜನ ಬರ್ತಾರೆ. ಕಳೆದ ದಶಕದಲ್ಲಿ ಕೆಲವು ವರ್ಷ ಟಿಕೆಟ್ ಒಂದೂ ಉಳಿಯದೆ ಖಾಲಿಯಾಗಿದ್ದೂ ಇದೆ.

ನಮ್ಮ ತಾಲ್ಲೂಕಿನವರಿಗೆ ಇದು ಯಾಕೆ ಅಂತ ಕೇಳಬಹುದು. ರಗ್ಬಿ ನಮ್ಮ ಆಟ ಅಲ್ಲ ನಿಜ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆದಾಗ ‘ಬೆಂಗಳೂರು ಬ್ರೇವ್‌ಹಾರ್ಟ್ಸ್’ ಅಂತ ಒಂದು ತಂಡ ಇತ್ತು ಅನ್ನೋದೇ ಇಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆದರೆ ಸೇನೆಗೆ ಸೇರೋದು, ಆಟದ ಮೇಲೆ ಸೇರೋದು, ಸೇವೆ ಮುಗಿದ ಮೇಲೆ ಮುಂದೇನು ಅನ್ನೋದು, ಇವು ಮೂರೂ ನಮ್ಮ ಮನೆಮನೆಯ ಮಾತು. ಬೆಳಗಿನ ಜಾವ ಬೈಪಾಸ್ ರಸ್ತೆಯಲ್ಲಿ 1,600 ಮೀಟರ್ ಓಡೋಕೆ ಅಭ್ಯಾಸ ಮಾಡೋ ಹುಡುಗರಿಗೆ ಈ ಟ್ವಿಕನ್‌ಹ್ಯಾಮ್ ಪಂದ್ಯದ ಒಳಗಿನ ಲೆಕ್ಕ ಬೇಗ ಅರ್ಥ ಆಗುತ್ತೆ.

ಮೊದಲು ಆಟ ಏನು ಅಂತ ನೋಡೋಣ. ಒಂದೊಂದು ತಂಡದಲ್ಲಿ 15 ಜನ, ಒಟ್ಟು 80 ನಿಮಿಷ. ಮೊಟ್ಟೆಯಾಕಾರದ ಚೆಂಡನ್ನ ಎತ್ತಿಕೊಂಡು ಓಡಿ, ಎದುರಾಳಿಯ ಗೆರೆ ದಾಟಿ ನೆಲಕ್ಕೆ ಮುಟ್ಟಿಸಿದರೆ ‘ಟ್ರೈ’, 5 ಅಂಕ. ಕೈಯಲ್ಲಿ ಮುಂದಕ್ಕೆ ಎಸೆಯೋ ಹಾಗಿಲ್ಲ, ಪಕ್ಕಕ್ಕೆ ಇಲ್ಲ ಹಿಂದಕ್ಕೇ ಕೊಡಬೇಕು. ಚೆಂಡು ಹಿಡಿದವನನ್ನ ಕೆಡವಬಹುದು. ಕಬಡ್ಡಿ ಗೊತ್ತಿರೋರಿಗೆ ಹಿಡಿತ, ಕಾಲು, ಸೊಂಟದ ಪಟ್ಟು ಎಲ್ಲ ಪರಿಚಯದ್ದೇ ಅನಿಸುತ್ತೆ. ವ್ಯತ್ಯಾಸ ಏನಂದ್ರೆ ಇಲ್ಲಿ ನೂರು ಕೆಜಿ ತೂಕದವನು ಪೂರ್ತಿ ವೇಗದಲ್ಲಿ ಓಡಿ ಬರ್ತಾನೆ. ದಪ್ಪ, ಗಟ್ಟಿ, ವೇಗ ಮೂರೂ ಇರೋ ಹುಡುಗರು ಯಾರ ಕಡೆ ಜಾಸ್ತಿಯೋ ಅವರದ್ದೇ ಮೇಲುಗೈ. ಈ ಮಾತು ನೆನಪಿರಲಿ, ಮುಂದೆ ಬರುತ್ತೆ.

ಒಂದು ಕಾಲದಲ್ಲಿ ಇಂಗ್ಲೆಂಡ್ ತಂಡವೇ ಇವರದ್ದು

ಸೇನೆ ಮತ್ತು ನೌಕಾಪಡೆ ಅಧಿಕಾರಿಗಳ ನಡುವೆ ದಾಖಲೆ ಸಿಗುವ ಮೊದಲ ಪಂದ್ಯ 1878ರದ್ದು. ನಡೆದದ್ದು ಕ್ರಿಕೆಟ್‌ನಿಂದ ನಮಗೆಲ್ಲ ಹೆಸರು ಗೊತ್ತಿರೋ ಓವಲ್ ಮೈದಾನದಲ್ಲಿ. ಅದೇ ವರ್ಷ ನಮ್ಮ ದೇಶಕ್ಕೆ ಸಂಬಂಧಪಟ್ಟ ಇನ್ನೊಂದು ಘಟನೆ ಆಯ್ತು. ಕಲ್ಕತ್ತಾದಲ್ಲಿ ಬ್ರಿಟಿಷರು ಕಟ್ಟಿಕೊಂಡಿದ್ದ ರಗ್ಬಿ ಕ್ಲಬ್ ಮುಚ್ಚುವ ಸ್ಥಿತಿಗೆ ಬಂದಿತ್ತು. ಆಡುತ್ತಿದ್ದ ಸೈನಿಕರ ರೆಜಿಮೆಂಟ್ ಬೇರೆ ಕಡೆ ಹೋಗಿದ್ದು ಅದಕ್ಕೆ ಒಂದು ಕಾರಣ. ಕ್ಲಬ್ಬಿನವರು ಬ್ಯಾಂಕಿನಲ್ಲಿದ್ದ ದುಡ್ಡನ್ನ ಬೆಳ್ಳಿ ರೂಪಾಯಿಗಳಲ್ಲಿ ತೆಗೆದು, ಕರಗಿಸಿ, ಒಂದು ಕಪ್ ಮಾಡಿಸಿದರು. ಹಿಡಿಕೆಗೆ ನಾಗರಹಾವು, ಮುಚ್ಚಳದ ಮೇಲೆ ಆನೆ. ಇಂಗ್ಲೆಂಡ್–ಸ್ಕಾಟ್ಲೆಂಡ್ ಇವತ್ತಿಗೂ ಆಡೋದು ಆ ‘ಕಲ್ಕತ್ತಾ ಕಪ್’ಗೇ. ನಮ್ಮ ಬೆಳ್ಳಿ ಅವರ ಶೋಕೇಸಿನಲ್ಲಿ ಕೂತಿದೆ ಅಂದ್ಕೊಳ್ಳಿ.

1907ರಿಂದ ಸೇನೆ–ನೌಕಾಪಡೆ ಪಂದ್ಯ ವರ್ಷವರ್ಷದ ಕಟ್ಟಳೆ ಆಯ್ತು. ಎರಡು ಮಹಾಯುದ್ಧಗಳ ಕಾಲದಲ್ಲಿ ನಿಂತಿತ್ತು, ಮತ್ತೆ ಕೊರೊನಾದಲ್ಲಿ. ವಾಯುಪಡೆ ಹುಟ್ಟಿದ್ದೇ 1918ರಲ್ಲಿ. 1920ರಿಂದ ಅದೂ ಸೇರಿಕೊಂಡು ಮೂರು ಪಡೆಗಳ ಚಾಂಪಿಯನ್‌ಶಿಪ್ ಶುರುವಾಯ್ತು.

ಆ ಕಾಲದಲ್ಲಿ ಇದು ಬರೀ ಇಲಾಖೆಗಳ ಪಂದ್ಯ ಆಗಿರಲಿಲ್ಲ. ರಗ್ಬಿ ಯೂನಿಯನ್‌ನಲ್ಲಿ ಆಟಕ್ಕೆ ದುಡ್ಡು ತಗೊಳ್ಳೋ ಹಾಗೇ ಇರಲಿಲ್ಲವಲ್ಲ. ಹಾಗಾಗಿ ಒಳ್ಳೆ ಆಟಗಾರ ಎಲ್ಲೋ ಒಂದು ಕಡೆ ಕೆಲಸದಲ್ಲಿರಲೇಬೇಕು. ಸೇನೆಯಲ್ಲಿ ಇದ್ದರೆ ಊಟ, ಸಂಬಳ, ಮೈದಾನ, ಅಭ್ಯಾಸಕ್ಕೆ ಸಮಯ ಎಲ್ಲ ಸಿಗೋದು. ನೌಕಾಪಡೆಯ ಡಬ್ಲ್ಯೂ. ಜೆ. ಎ. ಡೇವಿಸ್ ಇಂಗ್ಲೆಂಡ್ ಪರ 22 ಪಂದ್ಯ ಆಡಿದರು, ಸೋತಿದ್ದು ಮೊದಲನೇದು ಮಾತ್ರ, 1913ರಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ. ಅವರ ಜೋಡಿ ಆಟಗಾರ ಸೆಸಿಲ್ ಕೆರ್ಷಾ ಕೂಡ ನೌಕಾಪಡೆಯವರೇ, ಸಬ್‌ಮರೀನ್ ಅಧಿಕಾರಿ. 1920ರ ಒಲಿಂಪಿಕ್ಸ್‌ನಲ್ಲಿ ಕತ್ತಿವರಸೆಯಲ್ಲೂ ಸ್ಪರ್ಧಿಸಿದ್ದ ಮನುಷ್ಯ. ಡೇವಿಸ್ ನಂತರ ಇಂಗ್ಲೆಂಡ್ ನಾಯಕರಾದ ವೇವೆಲ್ ವೇಕ್‌ಫೀಲ್ಡ್ ವಾಯುಪಡೆಯಲ್ಲಿದ್ದವರು. ಎರಡನೇ ಮಹಾಯುದ್ಧ ಆದ ಮೇಲೆ ಕಡ್ಡಾಯ ಸೇನಾ ಸೇವೆ ಇತ್ತು. 1960ರಲ್ಲಿ ಕೊನೆ ಬ್ಯಾಚ್ ತಗೊಳ್ಳೋವರೆಗೂ ದೇಶದ ಒಳ್ಳೊಳ್ಳೆ ಹುಡುಗರು ಎರಡು ವರ್ಷದ ಮಟ್ಟಿಗಾದರೂ ಯಾವುದೋ ಒಂದು ಪಡೆಯ ಜೆರ್ಸಿ ಹಾಕುತ್ತಿದ್ದರು. ಕಡ್ಡಾಯ ಸೇವೆ ಹೋದ ಮೇಲೂ ವಾಯುಪಡೆಯ ಪೈಲಟ್ ರೋರಿ ಅಂಡರ್‌ವುಡ್ ಇದ್ದರು. ಇಂಗ್ಲೆಂಡ್ ಪರ 49 ಟ್ರೈ. ವಾರದ ದಿನ ಯುದ್ಧವಿಮಾನ, ಶನಿವಾರ ರಗ್ಬಿ.

1995ರ ಆಗಸ್ಟ್‌ನಲ್ಲಿ ರಗ್ಬಿ ಯೂನಿಯನ್ ಅಧಿಕೃತವಾಗಿ ವೃತ್ತಿಪರ ಆಟ ಆಯ್ತು. ಅಲ್ಲಿಗೆ ಈ ಕಥೆ ತಿರುಗಿತು. 18 ವರ್ಷದ ಪ್ರತಿಭೆ ಈಗ ಕ್ಲಬ್ ಅಕಾಡೆಮಿಗೆ ಹೋಗ್ತಾನೆ, ಬ್ಯಾರಕ್‌ಗೆ ಯಾಕೆ ಬರ್ತಾನೆ? ಬ್ರಿಟನ್ನಿನ ಮನೆಮಕ್ಕಳು ಸೇನಾ ತಂಡಗಳಿಗೆ ಬರೋದು ಕಡಿಮೆಯಾಯ್ತು. ವಿಚಿತ್ರ ಏನಂದ್ರೆ ಅದರ ನಂತರವೇ ಟ್ವಿಕನ್‌ಹ್ಯಾಮ್‌ನ ಜನಜಂಗುಳಿ ಬೆಳೆದದ್ದು. ಆಟದ ಮಟ್ಟ ಹಿಂದಿನಷ್ಟು ಇಲ್ಲ, ಜಾತ್ರೆ ಮಾತ್ರ ದೊಡ್ಡದಾಯ್ತು. ವೇಷ ಹಾಕಿಕೊಂಡು ಬರೋ ಗುಂಪುಗಳು, ಸೇನಾ ಬ್ಯಾಂಡ್, ಬಿಯರು, ಹಳೆ ಸೈನಿಕರ ಭೇಟಿ, ಸೈನಿಕ ದತ್ತಿ ಸಂಸ್ಥೆಗಳಿಗೆ ದುಡ್ಡು. ಮಹಿಳಾ ತಂಡಗಳ ಪಂದ್ಯವೂ ಅದೇ ದಿನ ಅದೇ ಮೈದಾನದಲ್ಲಿ ನಡೆಯೋಕೆ ಶುರುವಾಯ್ತು, ಅದು ಒಳ್ಳೇದೇ. ಹಲವು ವರ್ಷ ಟ್ರೋಫಿಗೆ ಹೆಸರು ಕೊಟ್ಟಿದ್ದು ಬಾಬ್‌ಕಾಕ್ ಅನ್ನೋ ಕಂಪನಿ. ನೌಕಾಪಡೆಯ ಹಡಗು, ಸಬ್‌ಮರೀನ್ ರಿಪೇರಿ ಮಾಡಿ ದುಡಿಯೋದು ಅದೇ ಕಂಪನಿ. ಅಂಗಡಿ ನಡೆಸೋರಿಗೆ ಇದರಲ್ಲಿ ಬಿಡಿಸಿ ಹೇಳೋದು ಏನೂ ಇಲ್ಲ, ದೊಡ್ಡ ಗಿರಾಕಿ ಮನೆ ಮದುವೆಗೆ ಪೆಂಡಾಲ್ ಹಾಕಿಸಿಕೊಟ್ಟ ಹಾಗೆ.

ಗೆಲುವು ಯಾಕೆ ಸೇನೆಯ ಕಡೆ ವಾಲಿದೆ

ಈಚಿನ ದಶಕಗಳಲ್ಲಿ ಈ ಪಂದ್ಯದಲ್ಲಿ ಭೂಸೇನೆಯದ್ದೇ ಹೆಚ್ಚು ಗೆಲುವು. ನೌಕಾಪಡೆ ಆಗಾಗ ಕೊಡಲಿ ಏಟು ಕೊಟ್ಟಿದೆ, ಆದರೆ ಆಗಾಗ ಅಷ್ಟೇ.

ತಲೆ ಎಣಿಕೆ ಮೊದಲನೇ ಕಾರಣ. ಬ್ರಿಟಿಷ್ ಸೇನೆ ಎಷ್ಟೇ ಸಣ್ಣದಾಗಿದ್ದರೂ 70 ಸಾವಿರದ ಮೇಲಿದೆ. ಮರೀನ್‌ಗಳನ್ನ ಸೇರಿಸಿದರೂ ನೌಕಾಪಡೆ 30 ಸಾವಿರದ ಆಸುಪಾಸು, ವಾಯುಪಡೆಯೂ ಅಷ್ಟೇ. ಎರಡನೇದು ಕೆಲಸದ ರೀತಿ. ಸೇನೆಯ ಆಟಗಾರ ಯಾವುದೋ ಕ್ಯಾಂಪಿನಲ್ಲಿರ್ತಾನೆ, ಸಂಜೆ ಮೈದಾನಕ್ಕೆ ಬರ್ತಾನೆ. ನಾವಿಕ ಹಡಗು ಹತ್ತಿದರೆ ತಿಂಗಳುಗಟ್ಟಲೆ ಸಿಗೋದಿಲ್ಲ. ಬ್ರಿಟನ್ನಿನ ಅಣ್ವಸ್ತ್ರ ಸಬ್‌ಮರೀನ್‌ಗಳಲ್ಲಿ ಒಂದಾದರೂ 1969ರಿಂದ ಸದಾ ನೀರೊಳಗಿದೆ. ಅದರಲ್ಲಿ ನಿಮ್ಮ ಒಳ್ಳೆ ಆಟಗಾರ ಇದ್ದರೆ ಅವನಿಗೆ ಪಂದ್ಯದ ಫಲಿತಾಂಶವೂ ಬೇಗ ತಿಳಿಯೋದಿಲ್ಲ, ಆಡೋ ಮಾತು ದೂರ. ಇಂಥ ಸ್ಥಿತಿಯಲ್ಲಿ ನೌಕಾಪಡೆ ಆಗಾಗ ಗೆಲ್ಲೋದೇ ನನಗೆ ಹೆಚ್ಚಿನ ಸಾಧನೆ ಅನಿಸುತ್ತೆ.

ಮೂರನೇ ಕಾರಣವೇ ಮುಖ್ಯ. ಸೇನಾ ತಂಡದ ಹೆಸರುಗಳ ಪಟ್ಟಿ ಓದಿ ನೋಡಿ. ರೊಕೊ, ರತು, ತುಯಿ ಅಂತ ಶುರುವಾಗೋ ಹೆಸರುಗಳು ಕಾಣ್ತವೆ. ಇವರು ಇಂಗ್ಲೆಂಡಿನವರಲ್ಲ. ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳಿಂದ ಬಂದವರು.

ಫಿಜಿ ಅಂದರೆ 300ಕ್ಕೂ ಹೆಚ್ಚು ದ್ವೀಪ, ಜನಸಂಖ್ಯೆ ಸುಮಾರು 9 ಲಕ್ಷ. ನಮ್ಮ ಒಂದು ಸಣ್ಣ ಜಿಲ್ಲೆಯಷ್ಟು. ಆದರೆ ಏಳು ಜನರ ರಗ್ಬಿಯಲ್ಲಿ 2016ರ ರಿಯೊ ಮತ್ತು ಟೋಕಿಯೊ ಒಲಿಂಪಿಕ್ಸ್ ಎರಡರಲ್ಲೂ ಚಿನ್ನ ಅವರದ್ದೇ. ಆ ದೇಶದಲ್ಲಿ ಭಾರತೀಯರೂ ಬಹಳ ಇದ್ದಾರೆ. 1879ರಿಂದ 1916ರವರೆಗೆ ಕಬ್ಬಿನ ತೋಟಕ್ಕೆ ಅಂತ ಬ್ರಿಟಿಷರು ಸುಮಾರು 60 ಸಾವಿರ ಭಾರತೀಯರನ್ನ ಕರಾರಿನ ಮೇಲೆ ಸಾಗಿಸಿದರು, 1903ರ ನಂತರ ದಕ್ಷಿಣ ಭಾರತದಿಂದಲೂ. ಅವರ ಮೊಮ್ಮಕ್ಕಳು ಹೆಚ್ಚಾಗಿ ಫುಟ್‌ಬಾಲ್ ಕಡೆ. ರಗ್ಬಿ ಮೂಲನಿವಾಸಿಗಳ ಪ್ರಾಣ.

ಬ್ರಿಟಿಷ್ ಸೇನೆಗೆ ಫಿಜಿಯವರು ಹೊಸಬರಲ್ಲ. 1961ರಲ್ಲೇ 200ಕ್ಕೂ ಹೆಚ್ಚು ಮಂದಿಯನ್ನ ಒಮ್ಮೆಗೆ ಭರ್ತಿ ಮಾಡಿಕೊಂಡಿದ್ದರು. ಅವರ ಪೈಕಿ ತಲಾಯಾಸಿ ಲಬಲಬ ಅನ್ನೋ ಸಾರ್ಜೆಂಟ್ 1972ರ ಜುಲೈನಲ್ಲಿ ಒಮಾನ್‌ನ ಮಿರ್ಬಾತ್‌ನಲ್ಲಿ ಒಂದು ಫಿರಂಗಿಯನ್ನ ತಾನೊಬ್ಬನೇ ತುಂಬಿ, ತಾನೊಬ್ಬನೇ ಹಾರಿಸಿ, ನೂರಾರು ಜನ ದಾಳಿಕೋರರನ್ನ ತಡೆದು ಪ್ರಾಣ ಬಿಟ್ಟರು. 1990ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಸಿಪಾಯಿಗಳ ಕೊರತೆ ಆದಾಗ ಭರ್ತಿ ಮತ್ತೆ ಶುರುವಾಯ್ತು. ಸಾವಿರಕ್ಕೂ ಹೆಚ್ಚು ಫಿಜಿಯನ್ನರು ಸೇನೆ ಸೇರಿದರು. ಇರಾಕ್, ಅಫ್ಘಾನಿಸ್ತಾನ ಎರಡೂ ಕಡೆ ಹೋದರು. ಶನಿವಾರ ರಗ್ಬಿಯನ್ನೂ ಆಡಿದರು.

ಇವರಲ್ಲಿ ಹೆಸರಾದವರು ಸೆಮೆಸಾ ರೊಕೊಡುಗುನಿ. ಫಿಜಿಯಲ್ಲಿ ಹುಟ್ಟಿ, ಬ್ರಿಟಿಷ್ ಸೇನೆ ಸೇರಿ, ಅಫ್ಘಾನಿಸ್ತಾನದಲ್ಲಿ ಕೆಲಸ ಮಾಡಿ ಬಂದ ಸಿಪಾಯಿ. ಸೇನಾ ತಂಡದಲ್ಲಿ ಆಡ್ತಾ ಬಾತ್ ಕ್ಲಬ್ ಕಣ್ಣಿಗೆ ಬಿದ್ದರು. 2014ರ ನವೆಂಬರ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಇಂಗ್ಲೆಂಡ್ ಜೆರ್ಸಿ ಹಾಕಿದರು, ಅದೂ ಟ್ವಿಕನ್‌ಹ್ಯಾಮ್‌ನಲ್ಲೇ. ಸೇವೆಯಲ್ಲಿರೋ ಸೈನಿಕ ಇಂಗ್ಲೆಂಡ್ ಪರ ಆಡೋದು ಆ ಹೊತ್ತಿಗೆ ಅಪರೂಪ ಆಗಿಹೋಗಿತ್ತು. ಸೇನೆಗೆ ಇದಕ್ಕಿಂತ ಒಳ್ಳೆ ಪೋಸ್ಟರ್ ಇನ್ನೇನು ಬೇಕು?

ಪೋಸ್ಟರ್ ಹಿಂದಿನ ಬಿಲ್ಲು

ಕಾಮನ್‌ವೆಲ್ತ್ ದೇಶದಿಂದ ಬಂದ ಸಿಪಾಯಿಗೆ ಸೇವೆಯಲ್ಲಿ ಇರೋವರೆಗೂ ವೀಸಾ ತಲೆನೋವಿಲ್ಲ. ವಲಸೆ ನಿಯಮಗಳಿಂದ ವಿನಾಯಿತಿ ಇರುತ್ತೆ. ಯೂನಿಫಾರಂ ಬಿಚ್ಚಿದ ದಿನ ಆ ವಿನಾಯಿತಿಯೂ ಮುಗೀತು. ಆಮೇಲೆ ಅವನು ಬೇರೆ ಯಾವ ವಿದೇಶಿಯಂತೆಯೇ ಒಬ್ಬ ವಿದೇಶಿ. ಬ್ರಿಟನ್ನಿನಲ್ಲೇ ಕಾಯಂ ಉಳಿಯೋಕೆ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು. ಶುಲ್ಕ ಎಷ್ಟು ಗೊತ್ತಾ? 2022ಕ್ಕೆ ಮುಂಚಿನ ವರ್ಷಗಳಲ್ಲಿ ತಲೆಗೆ 2,389 ಪೌಂಡ್. ಆಗಿನ ವಿನಿಮಯ ದರದಲ್ಲಿ ಎರಡೂಕಾಲು ಲಕ್ಷ ರೂಪಾಯಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಅಂದ್ರೆ 9,556 ಪೌಂಡ್, ಒಂಬತ್ತು ಲಕ್ಷ ರೂಪಾಯಿ ದಾಟುತ್ತೆ.

ದುಡ್ಡು ಕಟ್ಟಲಿಲ್ಲ ಅಂದ್ರೆ ಕೆಲಸ ಮಾಡೋ ಹಾಗಿಲ್ಲ, ಸರ್ಕಾರಿ ನೆರವು ಕೇಳೋ ಹಾಗಿಲ್ಲ. ಆಸ್ಪತ್ರೆಗೆ ಹೋದರೆ ವಿದೇಶಿಗೆ ಹಾಕೋ ಬಿಲ್ಲು. 2020ರಲ್ಲಿ ಫಿಜಿ ಮೂಲದ ಒಬ್ಬ ಮಾಜಿ ಸೈನಿಕನಿಗೆ ಮೆದುಳಿನ ಆಪರೇಷನ್ ಆದ ಮೇಲೆ ಸುಮಾರು 27 ಸಾವಿರ ಪೌಂಡ್ ಬಿಲ್ಲು ಬಂದದ್ದು ಅಲ್ಲಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಆಯ್ತು. ಅದೇ ವರ್ಷ ಫಿಜಿ ಮೂಲದ 8 ಮಂದಿ ಮಾಜಿ ಸೈನಿಕರು ರಕ್ಷಣಾ ಇಲಾಖೆ ಮತ್ತು ಗೃಹ ಇಲಾಖೆ ವಿರುದ್ಧ ಕೋರ್ಟಿಗೆ ಹೋದರು. ಬಿಡುಗಡೆ ಆಗುವಾಗ ಈ ನಿಯಮ ನಮಗೆ ಸರಿಯಾಗಿ ಹೇಳಲೇ ಇಲ್ಲ ಅನ್ನೋದು ಅವರ ದೂರು.

ಸೇವೆಯಲ್ಲಿದ್ದಾಗಲೂ ಇನ್ನೊಂದು ಗಂಟು ಇತ್ತು. ಹೆಂಡತಿಯನ್ನ ಕರೆಸಿಕೊಳ್ಳೋಕೆ ವರ್ಷಕ್ಕೆ ಕನಿಷ್ಠ 18,600 ಪೌಂಡ್ ಆದಾಯ ತೋರಿಸಬೇಕಿತ್ತು, ಜೊತೆಗೆ ಒಂದು ಮಗು ಇದ್ದರೆ 22,400. ಹೊಸದಾಗಿ ಸೇರಿದ ಸಿಪಾಯಿಯ ಸಂಬಳ ಆ ಮೊದಲ ಅಂಕಿಯ ಹತ್ತಿರಹತ್ತಿರದಲ್ಲೇ ಇತ್ತು. ಅಂದರೆ ಸೇನೆಯೇ ಸಂಬಳ ನಿಗದಿ ಮಾಡುತ್ತೆ, ಸರ್ಕಾರವೇ ಆ ಸಂಬಳ ಸಾಲದು ಅನ್ನುತ್ತೆ. ಮಗು ಫಿಜಿಯಲ್ಲಿ ಅಜ್ಜಿ ಹತ್ತಿರ, ಅಪ್ಪ ಟ್ವಿಕನ್‌ಹ್ಯಾಮ್‌ನಲ್ಲಿ ಟ್ರೈ ಹೊಡೀತಾ.

ಇಷ್ಟೆಲ್ಲ ಗೊತ್ತಿದ್ದೂ ಭರ್ತಿ ನಿಲ್ಲಲಿಲ್ಲ. 2018ರ ನವೆಂಬರ್‌ನಲ್ಲಿ ಬ್ರಿಟನ್ ಒಂದು ಹೆಜ್ಜೆ ಮುಂದೆ ಹೋಯ್ತು. 5 ವರ್ಷ ಬ್ರಿಟನ್ನಿನಲ್ಲಿ ವಾಸವಿದ್ದಿರಬೇಕು ಅನ್ನೋ ಷರತ್ತನ್ನ ತೆಗೆದು, ಮೂರೂ ಪಡೆಗಳಿಗೆ ಸೇರಿ ವರ್ಷಕ್ಕೆ 1,350 ಕಾಮನ್‌ವೆಲ್ತ್ ಪ್ರಜೆಗಳನ್ನ ತಗೋತೀವಿ ಅಂತ ಘೋಷಿಸಿತು. ಕಾರಣ ಗುಟ್ಟೇನಲ್ಲ, ತಮ್ಮ ಊರಿನ ಹುಡುಗರು ಬರ್ತಿಲ್ಲ.

ಬದಲಾವಣೆ ಬಂದದ್ದು 2022ರ ಏಪ್ರಿಲ್‌ನಲ್ಲಿ. 6 ವರ್ಷ ಸೇವೆ ಮುಗಿಸಿದವರಿಗೆ, ಮತ್ತು ಸೇವೆಯಿಂದಾದ ಗಾಯ, ಕಾಯಿಲೆಯಿಂದ ಹೊರಬಂದವರಿಗೆ ಶುಲ್ಕ ಮನ್ನಾ. ಸರಿ. ಆದರೆ ಆ ಮನ್ನಾ ಸಿಪಾಯಿಗೆ ಮಾತ್ರ, ಹೆಂಡತಿ ಮಕ್ಕಳಿಗಲ್ಲ. ಮೇಲಿನ ಲೆಕ್ಕದ ನಾಲ್ಕು ಜನರ ಸಂಸಾರವನ್ನೇ ತಗೊಳ್ಳಿ. ಅಪ್ಪನಿಗೆ ಸೊನ್ನೆ, ಉಳಿದ ಮೂರು ತಲೆಗೆ ಹಳೇ ದರದಲ್ಲೇ ಹಿಡಿದರೂ 7,167 ಪೌಂಡ್. ಐದು ವರ್ಷಕ್ಕೆ ಹೊರಬಂದವನಿಗೆ ಆ ಸೊನ್ನೆಯೂ ಇಲ್ಲ. 2024ರ ಚುನಾವಣೆಗೆ ಲೇಬರ್ ಪಕ್ಷ ತನ್ನ ಪ್ರಣಾಳಿಕೆಯಲ್ಲಿ 4 ವರ್ಷ ಸೇವೆ ಮಾಡಿದವರಿಗೂ ಅವರ ಕುಟುಂಬಕ್ಕೂ ಶುಲ್ಕ ತೆಗೀತೀವಿ ಅಂತ ಬರೆದು, ಗೆದ್ದು ಅಧಿಕಾರಕ್ಕೆ ಬಂತು. ಆ ಸಾಲು ಒಂದು ಪ್ರಣಾಳಿಕೆ ಸೇರೋಕೆ ಇಪ್ಪತ್ತೈದು ವರ್ಷ ಹಿಡೀತು ಅನ್ನೋದೇ ವಿಷಯ. ಅಷ್ಟೂ ವರ್ಷ ಸ್ಟೇಡಿಯಂನಲ್ಲಿ ಚಪ್ಪಾಳೆಗೆ ಕೊರತೆ ಇರಲಿಲ್ಲ.

ಗೂರ್ಖಾಗಳ ಕಥೆಯೂ ಹೀಗೇ ಇತ್ತು. 2009ರಲ್ಲಿ ನಟಿ ಜೊಆನಾ ಲಮ್ಲೀ ಮುಂದೆ ನಿಂತು ದೊಡ್ಡ ಹೋರಾಟ ಆದ ಮೇಲೆ, 4 ವರ್ಷ ಸೇವೆ ಮಾಡಿದ ಗೂರ್ಖಾಗಳಿಗೆ ಬ್ರಿಟನ್ನಿನಲ್ಲಿ ನೆಲೆಸೋ ಹಕ್ಕು ಸಿಕ್ಕಿತು. ಗೂರ್ಖಾಗಳಿಗೆ ಸಿಕ್ಕ ಒಬ್ಬ ಸಿನಿಮಾ ನಟಿ ಫಿಜಿಯವರಿಗೆ ಸಿಗಲಿಲ್ಲ. ಅವರಿಗೆ ಸಿಕ್ಕಿದ್ದು ರಗ್ಬಿ ಅಭಿಮಾನಿಗಳು. ಅಭಿಮಾನಿ ಪಂದ್ಯ ಮುಗಿದ ಮೇಲೆ ಮನೆಗೆ ಹೋಗ್ತಾನೆ.

ಸೇನೆಯವರು ಹೇಳೋ ಮಾತನ್ನೂ ತಳ್ಳಿಹಾಕೋಕೆ ಆಗೋದಿಲ್ಲ. ಒಂದೇ ತಂಡದಲ್ಲಿ ಅಧಿಕಾರಿ, ಸಿಪಾಯಿ ಭುಜ ಕೊಟ್ಟು ಸ್ಕ್ರಮ್ ತಳ್ಳೋದು ಬೇರೆಲ್ಲಿ ನೋಡೋಕೆ ಸಿಗುತ್ತೆ? ಊರು ಬಿಟ್ಟು ಬಂದ ಫಿಜಿ ಹುಡುಗನಿಗೆ ರಗ್ಬಿ ತಂಡವೇ ಮೊದಲ ನೆಂಟಸ್ತನ ಅನ್ನೋದೂ ನಿಜವೇ ಇರಬೇಕು. ಆಟದಿಂದ ಅವನಿಗೆ ಗೌರವ ಸಿಕ್ಕಿದೆ, ಅನುಮಾನ ಇಲ್ಲ. ನನ್ನ ತಕರಾರು ಆಟದ ಮೇಲೆ ಅಲ್ಲ, ಆಟ ಮತ್ತು ಆಫೀಸು ಬೇರೆಬೇರೆ ಭಾಷೆ ಮಾತಾಡೋದರ ಮೇಲೆ. ಮೈದಾನದಲ್ಲಿ ಅವನು ‘ನಮ್ಮವನು’, ಕೌಂಟರಿನಲ್ಲಿ ‘ಅರ್ಜಿದಾರ’.

ನಮ್ಮಲ್ಲೂ ಪಡೆಗಳು ಆಟಗಾರರನ್ನ ನೇರ ಭರ್ತಿ ಮಾಡಿಕೊಳ್ಳುತ್ತವೆ. ನೀರಜ್ ಚೋಪ್ರಾ 2016ರಲ್ಲಿ ಸೇನೆಗೆ ಬಂದದ್ದು ನೇರವಾಗಿ ನಾಯಬ್ ಸುಬೇದಾರ್ ಆಗಿ. ಮೂರೂ ಪಡೆ ಸೇರಿದ ‘ಸರ್ವಿಸಸ್’ ತಂಡ 2025ರ ಉತ್ತರಾಖಂಡ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಪದಕ ಪಟ್ಟಿಯ ಮೊದಲ ಸ್ಥಾನ ತಗೊಂಡಿತು, ಕರ್ನಾಟಕ ಐದನೇದು. ಇನ್ನೊಂದು ಕಡೆ 2022ರಿಂದ ಅಗ್ನಿಪಥ್ ಇದೆ. ನಾಲ್ಕು ವರ್ಷ ಸೇವೆ, ಆಮೇಲೆ ನೂರರಲ್ಲಿ 25 ಮಂದಿವರೆಗೆ ಕಾಯಂ. ನಮ್ಮ ಹುಡುಗನಿಗೆ ಸ್ವಂತ ಊರಿನಲ್ಲಿ ಉಳಿಯೋಕೆ ಯಾರೂ ಶುಲ್ಕ ಕೇಳೋದಿಲ್ಲ, ಹಾಗಾಗಿ ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಸರಿಯಲ್ಲ. ಆದರೆ ‘ಸೇವೆ ಮುಗಿದ ಮರುದಿನ ನಾನು ಯಾರು’ ಅನ್ನೋ ಪ್ರಶ್ನೆ ಫಿಜಿಯ ಹುಡುಗನಿಗೂ ನಮ್ಮ ಬೈಪಾಸ್ ರಸ್ತೆಯ ಹುಡುಗನಿಗೂ ಒಂದೇ. ಸೇರೋ ಮೊದಲೇ ಅದಕ್ಕೆ ಲಿಖಿತ ಉತ್ತರ ಕೇಳಿ ಇಟ್ಟುಕೊಳ್ಳೋದು ತಪ್ಪಲ್ಲ. ಫಿಜಿಯ ಆ 8 ಮಂದಿ ಕೋರ್ಟಿನಲ್ಲಿ ಹೇಳಿದ್ದೂ ಅದನ್ನೇ ಅಲ್ವಾ, ನಮಗೆ ಯಾರೂ ಹೇಳಿರಲಿಲ್ಲ ಅಂತ.

ಕೊನೆಗೆ, ಇದನ್ನ ಓದಿ ‘ಹಾಗಾದ್ರೆ ನಾವೂ ಬ್ರಿಟಿಷ್ ಸೇನೆಗೆ ಹೋಗಬಹುದಾ’ ಅಂತ ಕೇಳೋರಿಗೆ. ಭಾರತವೂ ಕಾಮನ್‌ವೆಲ್ತ್ ದೇಶವೇ, ಕಾಮನ್‌ವೆಲ್ತ್ ಭರ್ತಿ ತೆರೆದಿರುವಾಗ ಅರ್ಜಿ ಹಾಕಬಹುದು. ಅರ್ಜಿ ಹಾಕೋದು ಅವರ ಸೇನೆಯ ಸ್ವಂತ ವೆಬ್‌ಸೈಟ್‌ನಲ್ಲೇ, ಅರ್ಜಿಗೆ ಶುಲ್ಕ ಇಲ್ಲ. ಪರೀಕ್ಷೆಗೆ ಕರೆದರೆ ವಿಮಾನ, ವೀಸಾ, ಅಲ್ಲಿನ ಖರ್ಚು ಎಲ್ಲ ನಿಮ್ಮದೇ. ಕರೆ ಬಾರದೆ ವಿಮಾನ ಹತ್ತಬೇಡಿ. ‘ನಾನು ಸೇರಿಸ್ತೀನಿ, ಇಷ್ಟು ಕೊಡಿ’ ಅಂತ ಯಾರಾದರೂ ಬಂದರೆ ಕೊಡಬೇಡಿ.